ಕಾರವಾರಕ್ಕೆ ವರ್ಗ ಆಗಿದೆ. ಹೋಟೆಲ್ ಪಟ್ಟಿ ಬೇಡ, ಊರಿನ ಕಥೆ ಹೇಳಿ

ಗಂಟುಮೂಟೆ
ಎಲ್ಲರಿಗೂ ನಮಸ್ಕಾರ. ನನ್ನದು ಬ್ಯಾಂಕ್ ಕೆಲಸ. ಇನ್ನು ಹದಿನೈದು ದಿನದಲ್ಲಿ ತುಮಕೂರಿನಿಂದ ಕಾರವಾರಕ್ಕೆ ಹೋಗಿ ಸೇರಿಕೊಳ್ಳಬೇಕು. ಸಮುದ್ರ ನೋಡಿದ್ದು ಜೀವನದಲ್ಲಿ ನಾಲ್ಕೈದು ಸಲ, ಅಷ್ಟೇ. ಮನೆ, ಊಟ ಹೇಗೋ ಆಗುತ್ತದೆ. ಆದರೆ ಒಂದು ಊರಲ್ಲಿ ಮೂರು ವರ್ಷ ಇದ್ದು, ಅದರ ಬಗ್ಗೆ ಏನೂ ತಿಳಿಯದೆ ಗಂಟು ಕಟ್ಟಿಕೊಂಡು ಬಂದದ್ದು ಈಗಾಗಲೇ ಎರಡು ಸಲ ಆಗಿದೆ. ಈ ಸಲ ಹಾಗಾಗುವುದು ಬೇಡ ಅಂತ ಕೇಳುತ್ತಿದ್ದೇನೆ.

ನನಗೆ ಗೊತ್ತಿರುವುದು ಇಷ್ಟು: ಉತ್ತರ ಕನ್ನಡದ ಜಿಲ್ಲಾ ಕೇಂದ್ರ, ಕಾಳಿ ನದಿ ಕಡಲು ಸೇರುವ ಜಾಗ, ಟ್ಯಾಗೋರ್ ಬೀಚ್, ನೇವಿ, ಆಚೆ ಗೋವಾ. ಇಷ್ಟನ್ನು ಯಾವ ಬಸ್ ಸ್ಟ್ಯಾಂಡಿನ ಬೋರ್ಡೂ ಹೇಳುತ್ತದೆ. ಅದಕ್ಕಿಂತ ಮುಂದಿನದು ಹೇಳಿ. ಮೊದಲಿಗೆ, ಎಲ್ಲ ಬಿಟ್ಟು ಬಂಗಾಳದ ಕವಿಯ ಹೆಸರು ಕಾರವಾರದ ಬೀಚಿಗೆ ಯಾಕೆ ಬಂತು?

ಕೋಡಿಬಾಗದಾಕೆ
ನಮ್ಮೂರಿಗೆ ಬನ್ನಿ, ಸ್ವಾಗತ. ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ರವೀಂದ್ರನಾಥರು ಆ ಅಣ್ಣನ ಮನೆಗೆ ಬಂದಿದ್ದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು ವಯಸ್ಸು. ಗಡ್ಡ ಬಿಟ್ಟ ಗುರುದೇವರನ್ನು ಕಲ್ಪಿಸಿಕೊಳ್ಳಬೇಡಿ, ಇನ್ನೂ ಮದುವೆಯಾಗದ ಹುಡುಗ ಆಗ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದು ಇಲ್ಲೇ. ಎಲ್ಲ ಬಿಟ್ಟು ಸನ್ಯಾಸಿಯಾದವನನ್ನು ಒಂದು ಪುಟ್ಟ ಹುಡುಗಿ ಮತ್ತೆ ಪ್ರಪಂಚಕ್ಕೆ ಎಳೆದು ತರುವ ಕಥೆ. ವಾಪಸ್ ಹೋಗುವಾಗ ಹಡಗಿನಲ್ಲಿ ಕೂತು ಅದಕ್ಕೆ ಕೆಲವು ಹಾಡು ಕಟ್ಟಿದರಂತೆ.

ಅವರ ಆತ್ಮಕಥೆಯಲ್ಲಿ ಕಾರವಾರದ ಬಗ್ಗೆ ಒಂದು ಭಾಗವೇ ಇದೆ. ಒಂದು ಬೆಳದಿಂಗಳ ಸಂಜೆ ಎಲ್ಲರೂ ದೋಣಿ ಹತ್ತಿ ಕಾಳಿಯಲ್ಲಿ ಮೇಲೆ ಹೋಗುತ್ತಾರೆ. ಗುಡ್ಡದ ಕೋಟೆಯ ಹತ್ತಿರ ಇಳಿಯುತ್ತಾರೆ. ಯಾರೋ ರೈತನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ಕಟ್ಟಿಕೊಂಡು ಹೋದ ಬುತ್ತಿ ತಿನ್ನುತ್ತಾರೆ. ಬರುವಾಗ ಹೊಳೆಯ ಹರಿವಿಗೇ ದೋಣಿ ಬಿಡುತ್ತಾರೆ. ಅಳಿವೆ ಮುಟ್ಟುವಾಗ ಬಹಳ ರಾತ್ರಿಯಾಗಿರುತ್ತದೆ. ಅಲ್ಲೇ ಇಳಿದು ಮರಳಿನ ಮೇಲೆ ಮನೆಗೆ ನಡೆಯುತ್ತಾರೆ. ನನ್ನ ಮನೆ ಆ ಅಳಿವೆಯ ಪಕ್ಕದಲ್ಲೇ. ಹುಣ್ಣಿಮೆ ದಿನ ಆ ದಾರಿಯಲ್ಲಿ ಸುಮ್ನೆ ನಡೆದು ನೋಡಿ. ಗಾಳಿ ಮರಗಳ ಸದ್ದು ಬಿಟ್ಟರೆ ಬೇರೆ ಏನೂ ಕೇಳುವುದಿಲ್ಲ. ಗಾಳಿ ಮರದ ಕಾಡನ್ನು ಅವರೂ ಬರೆದಿದ್ದಾರೆ.

ಹಳೇ ಮೇಷ್ಟ್ರು
ಅಕ್ಕ ಚೆನ್ನಾಗಿ ಹೇಳಿದರು. ಅದರ ಹಿಂದಿನ ‘ಯಾಕೆ’ ನಾನು ಹೇಳುತ್ತೇನೆ. ಸತ್ಯೇಂದ್ರನಾಥರು 1863ರಲ್ಲಿ ಐಸಿಎಸ್ ಪಾಸಾದ ಮೊದಲ ಭಾರತೀಯ. ಕೆಲಸ ಸಿಕ್ಕಿದ್ದು ಮುಂಬೈ ಪ್ರಾಂತ್ಯದಲ್ಲಿ. ಆದರೆ ಕಾರವಾರ ಮುಂಬೈ ಪ್ರಾಂತ್ಯಕ್ಕೆ ಬಂದದ್ದು ಯಾವಾಗ? 1862ರಲ್ಲಿ. ಅದಕ್ಕೆ ಮುಂಚೆ ಇಡೀ ಕೆನರಾ ಮದ್ರಾಸಿನವರ ಕೈಯಲ್ಲಿತ್ತು. ಹಾಗೇ ಉಳಿದಿದ್ದರೆ ಈ ಬಂಗಾಳಿ ಜಡ್ಜ್ ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಜಿಲ್ಲೆಯನ್ನು ಒಡೆದು ಉತ್ತರದ ಭಾಗವನ್ನು ಮುಂಬೈಗೆ ಕೊಟ್ಟದ್ದಕ್ಕೆ ದೊಡ್ಡ ಕಾರಣ ಹತ್ತಿ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೊರಡುತ್ತಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ ಪೇಟೆಯಲ್ಲಿ ಅದಕ್ಕೆ ‘ಕುಮ್ಟಾ ಹತ್ತಿ’ ಅಂತಲೇ ಹೆಸರು. ಆದರೆ ಕುಮಟಾದಲ್ಲಿ ದೊಡ್ಡ ಹಡಗಿಗೆ ಆಸರೆ ಇಲ್ಲ, ಎದುರಿಗೆ ಬಯಲು ಸಮುದ್ರ. ಕಾರವಾರದಲ್ಲಿ ಗುಡ್ಡಗಳೂ ದ್ವೀಪಗಳೂ ಅಡ್ಡ ನಿಂತು ಗಾಳಿ ತಡೆಯುತ್ತವೆ. ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ಇದರ ಮೇಲೆ ಬಿತ್ತು. ಅವರ ಕಾಗದಪತ್ರಗಳಲ್ಲಿ ಊರಿನ ಹೆಸರು ‘ಸೆದಾಶೆಗರ್’. ಕಾಳಿಯ ಆಚೆ ದಡದ ಸದಾಶಿವಗಡದ ಹೆಸರು ಅದು, ನಾಲಿಗೆ ಹೊರಳದೆ ಹಾಗಾಯಿತು. ಅಷ್ಟರಲ್ಲಿ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು. ಜಿಲ್ಲೆ ಒಡೆಯುವ ಮಾತು ಮೊದಲೇ ಇತ್ತು, ಯುದ್ಧ ಅವಸರ ತಂದಿತು.

ಅಲ್ಲಿವರೆಗೆ ಮೀನುಗಾರರ ಹಳ್ಳಿಯಾಗಿದ್ದ ಜಾಗ ಜಿಲ್ಲಾ ಕೇಂದ್ರ ಆಯಿತು. ಮೊದಲು ಆ ಪಟ್ಟ ಹೊನ್ನಾವರಕ್ಕಿತ್ತು.

ಗಂಟುಮೂಟೆ
ಮೇಷ್ಟ್ರೇ, ಹಾಗಾದರೆ ಅಮೆರಿಕದಲ್ಲಿ ಯುದ್ಧ ಆಗದಿದ್ದರೆ ಟ್ಯಾಗೋರ್ ಬೀಚ್ ಇರುತ್ತಿರಲಿಲ್ಲ ಅಂತೀರಾ?

ಹಳೇ ಮೇಷ್ಟ್ರು
ಬೀಚ್ ಇರುತ್ತಿತ್ತು ಮಾರಾಯ್ರೆ. ಬೋರ್ಡು ಇರುತ್ತಿರಲಿಲ್ಲ.

ಹುಬ್ಬಳ್ಳಿಯವ
ಹತ್ತಿ ಮಾತು ಬಂತು ಅಂದ ಮೇಲೆ ರೈಲಿನ ಮಾತು ಬರಲೇಬೇಕಲ್ರಿ. 1865ಕ್ಕೆ ಯುದ್ಧ ಮುಗಿಯಿತು, ಹತ್ತಿ ರೇಟು ಬಿತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕುವ ಯೋಚನೆ ಇತ್ತು. ಆದರೆ ಇಂಗ್ಲಿಷರು ಪೋರ್ಚುಗೀಸರ ಜೊತೆ 1878ರಲ್ಲಿ ಒಪ್ಪಂದ ಮಾಡಿಕೊಂಡರು. ಹಳಿ ಕ್ಯಾಸಲ್ ರಾಕ್ ಮೇಲೆ ಹಾದು ಗೋವಾದ ಮೊರ್ಮುಗಾವಿಗೆ ಇಳಿಯಿತು. 1880ರ ದಶಕ ಮುಗಿಯುವುದರೊಳಗೆ ರೈಲು ಓಡಿತು. ನೋಡ್ರಿ ವಿಚಿತ್ರ: ಕ್ಯಾಸಲ್ ರಾಕ್ ಇರುವುದು ಉತ್ತರ ಕನ್ನಡದಲ್ಲೇ. ಜಿಲ್ಲೆಯ ಒಂದು ಮೂಲೆ ಹಾದ ರೈಲು ಜಿಲ್ಲಾ ಕೇಂದ್ರಕ್ಕೆ ಬರಲಿಲ್ಲ.

ಕಾರವಾರದವರು ರೈಲಿಗೆ ಕಾದದ್ದು ಕೊಂಕಣ ರೈಲ್ವೆ ಬರುವವರೆಗೆ. ಪೂರ್ತಿ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ. ಅದೂ ಕರಾವಳಿಯ ಉದ್ದಕ್ಕೆ ಓಡುವ ರೈಲು. ಘಟ್ಟ ಇಳಿದು ಬರುವ ಹುಬ್ಬಳ್ಳಿ–ಅಂಕೋಲಾ ರೈಲಿಗೆ ನಮ್ಮಪ್ಪ ಕಾದರು, ನಾನೂ ಕಾಯುತ್ತಿದ್ದೇನೆ. ಅರಬೈಲು ಘಟ್ಟದಲ್ಲಿ ಲಾರಿಗಳ ಹಿಂದೆ ಗಂಟೆಗಟ್ಟಲೆ ನಿಂತಾಗೆಲ್ಲ ಆ 1878 ನೆನಪಾಗುತ್ತದೆ.

ಕೋಡಿಬಾಗದಾಕೆ
ಕಾಡು ಕಡಿದು ರೈಲು ಬರುವುದಾದರೆ ನನಗೆ ಬೇಡ. ನಿಮಗೆ ಲಾರಿ ಕಷ್ಟ ಇರಬಹುದು. ಆದರೆ ಆ ಘಟ್ಟದ ಕಾಡಿನಿಂದಲೇ ನಮಗೆ ಮಳೆ, ಕಾಳಿಗೆ ನೀರು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಗಂಟುಮೂಟೆಯವರೇ, ತುಮಕೂರಿನ ಕೊಡೆ ಇಲ್ಲಿ ಒಂದು ವಾರ ತಡೆಯುವುದಿಲ್ಲ. ಜೂನ್ ಒಳಗೆ ಬಂದರೆ ಚಪ್ಪಲಿಯೂ ಪ್ಲಾಸ್ಟಿಕ್ಕಿನದೇ ಇರಲಿ. ಚರ್ಮದ್ದಕ್ಕೆ ಬೂಸಲು ಹಿಡಿಯುತ್ತದೆ.

ಹುಬ್ಬಳ್ಳಿಯವ
ಅಕ್ಕ, ಜಗಳ ಬ್ಯಾಡ. ಆದರೂ ರೈಲು ಬೇಕು.

ನೀಲಿ ಟೋಪಿ
ಟ್ಯಾಗೋರ್ ಬೀಚಿನಲ್ಲಿ ದಡದ ಮೇಲೆ ಒಂದು ಯುದ್ಧನೌಕೆ ನಿಲ್ಲಿಸಿದ್ದಾರೆ, ಐಎನ್ಎಸ್ ಚಪಲ್. 2006ರಿಂದ ಮ್ಯೂಸಿಯಂ. ಒಳಗೆ ಹೋಗಿ ಬನ್ನಿ. ಹೊರಗಿಂದ ನೋಡಿದರೆ ದೊಡ್ಡದು. ಒಳಗೆ ಹೋದರೆ ಇಷ್ಟು ಜಾಗದಲ್ಲಿ ಅಷ್ಟು ಜನ ಹೇಗೆ ಮಲಗುತ್ತಿದ್ದರು ಅನಿಸುತ್ತದೆ. ತಲೆ ಬಗ್ಗಿಸದೆ ಒಂದು ಬಾಗಿಲನ್ನೂ ದಾಟಲು ಆಗುವುದಿಲ್ಲ. ನನ್ನ ಹಣೆಯೇ ಸಾಕ್ಷಿ.

ಬೈತಖೋಲ ಬೋಟು
1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ ಹಡಗು ಅದೇ ಅಲ್ವಾ? ನಾವು ಚಿಕ್ಕವರಿದ್ದಾಗಿಂದ ಹಾಗೇ ಕೇಳಿದ್ದು.

ನೀಲಿ ಟೋಪಿ
ಎಲ್ಲರೂ ಹಾಗೇ ಹೇಳುತ್ತಾರೆ, ಆದರೆ ಅಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಕ್ಷಿಪಣಿ ಬಿಟ್ಟದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಎಲ್ಲವೂ ರಷ್ಯಾದಿಂದ ಬಂದ ಒಂದೇ ಜಾತಿಯ ದೋಣಿಗಳು, ಚಪಲ್ ಅದರ ಮುಂದಿನ ಮಾದರಿ. ಅಣ್ಣನ ಸಾಹಸ ತಮ್ಮನ ಖಾತೆಗೆ ಹೋಗಿದೆ. ಅದರಿಂದ ಚಪಲ್ ಮರ್ಯಾದೆ ಏನೂ ಕಡಿಮೆ ಆಗುವುದಿಲ್ಲ ಬಿಡಿ, ಸುಮಾರು ಮೂವತ್ತು ವರ್ಷ ಸೇವೆ ಮಾಡಿದೆ.

ಅದರ ಹತ್ತಿರವೇ ಮೇಜರ್ ರಾಮ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ಪಕ್ಕದ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದು, ಅಡ್ಡ ಕಡಿದ ಮರ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. ಸೆಲ್ಫಿ ತೆಗೆಯುವ ಜನರೆಲ್ಲ ಹಡಗಿನ ಕಡೆ ತಿರುಗಿರುತ್ತಾರೆ, ಇವರಿಗೆ ಬೆನ್ನು ಹಾಕಿ. ನನಗೆ ಅದೊಂದು ಬೇಜಾರು.

2024ರಲ್ಲಿ ಒಂದು ಟುಪೊಲೆವ್ 142 ವಿಮಾನವನ್ನೂ ಅಲ್ಲಿ ಇಟ್ಟಿದ್ದಾರೆ. ತಮಿಳುನಾಡಿನ ಅರಕ್ಕೋಣಂನಿಂದ ಬಿಚ್ಚಿ ಲಾರಿಯಲ್ಲಿ ತಂದು ಇಲ್ಲಿ ಜೋಡಿಸಿದ್ದು.

ಗಂಟುಮೂಟೆ
ಇದನ್ನೇ ಕೇಳಿದ್ದು ನಾನು! ನೇವಿ ಜಾಗದ ಬಗ್ಗೆಯೂ ಹೇಳಿ.

ನೀಲಿ ಟೋಪಿ
ಅದು ಸೀಬರ್ಡ್ ಯೋಜನೆ, ನೌಕಾನೆಲೆ ಕಟ್ಟುವುದು. ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದರು. ಐಎನ್ಎಸ್ ಕದಂಬ ಅಂತ ಕೆಲಸ ಶುರು ಮಾಡಿದ್ದು 2005ರ ಮೇ 31ಕ್ಕೆ. ಹಡಗನ್ನು ನೀರಿನಿಂದ ಲಿಫ್ಟಿನ ಹಾಗೆ ಮೇಲೆತ್ತಿ, ಹಳಿ ಮೇಲೆ ಸರಿಸಿ ರಿಪೇರಿಗೆ ನಿಲ್ಲಿಸುವ ವ್ಯವಸ್ಥೆ ಇದೆ. 10,000 ಟನ್ ಭಾರ ಎತ್ತುತ್ತದೆ. ವಿಮಾನವಾಹಕ ವಿಕ್ರಮಾದಿತ್ಯದ ಮನೆಯೂ ಇದೇ.

ಬೈತಖೋಲ ಬೋಟು
ಅದಕ್ಕಾಗಿ ಮನೆ ಬಿಟ್ಟವರ ಮಾತನ್ನೂ ಸೇರಿಸಿ ಸರ್. ಸಾವಿರಾರು ಕುಟುಂಬಗಳು. ನಮ್ಮ ಅತ್ತೆ ಮನೆಯವರು ಅರಗಾ ಬಿಟ್ಟು ಬಂದವರು. ದುಡ್ಡು ಬಂತು, ಸೈಟೂ ಬಂತು, ತಡವಾಗಿ. ಆದರೆ ಅತ್ತೆ ಹೇಳುವುದು ಒಂದೇ: ‘ಮೊದಲು ಹಿತ್ತಿಲ ಬಾಗಿಲು ತೆಗೆದರೆ ಸಮುದ್ರ. ಈಗ ಸಮುದ್ರ ನೋಡಲು ರಿಕ್ಷಾ ಹಿಡಿಯಬೇಕು.’

ಹಳೇ ಮೇಷ್ಟ್ರು
ಆ ನೇವಿ ಜಾಗದ ಎದುರಿಗೇ ಅಂಜದೀವ ದ್ವೀಪ. ಈಗ ಸಮುದ್ರದ ತಡೆಗೋಡೆ ಅದನ್ನು ದಡಕ್ಕೆ ಸೇರಿಸಿಬಿಟ್ಟಿದೆ. ನಿಂತದ್ದು ಕಾರವಾರದ ಬಾಗಿಲಲ್ಲಿ, ಸೇರಿದ್ದು ಮಾತ್ರ ಗೋವಾಕ್ಕೆ! ಪೋರ್ಚುಗೀಸರು 1505ರಲ್ಲಿ ಅಲ್ಲಿ ಕೋಟೆ ಕಟ್ಟಿದ್ದರು. ವಾಸ್ಕೊ ಡ ಗಾಮ 1498ರಲ್ಲೇ ಅಲ್ಲಿ ನಿಂತು ಹೋಗಿದ್ದ.

ನನಗೆ ಕಾರವಾರದಲ್ಲಿ ಎಲ್ಲಕ್ಕಿಂತ ಇಷ್ಟವಾದ ಕಥೆ ಇದು, ಸ್ವಲ್ಪ ಉದ್ದ ಇದೆ. ಪೋರ್ಚುಗಲ್ಲಿನ ರಾಜಕುಮಾರಿಯ ಮದುವೆಗೆ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಮುಂಬೈ ವರದಕ್ಷಿಣೆಯಾಗಿ ಬಂತು. ಅದು ಎಲ್ಲರಿಗೂ ಗೊತ್ತು. ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ನಾನೂರಕ್ಕೂ ಜಾಸ್ತಿ ಸೈನಿಕರ ಜೊತೆ 1662ರಲ್ಲಿ ಬಂದ. ಮುಂಬೈಯಲ್ಲಿದ್ದ ಪೋರ್ಚುಗೀಸರು ಕಾಗದ ಸರಿಯಿಲ್ಲ ಅಂತ ಬಿಟ್ಟುಕೊಡಲಿಲ್ಲ. (ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಸಿಕೊಂಡವರಿಗೆ ಇದು ಅರ್ಥವಾಗುತ್ತದೆ.) ಹೋಗಲು ಜಾಗ ಇಲ್ಲದೆ ಇವರೆಲ್ಲ ಬಂದು ಕೂತದ್ದು ಅಂಜದೀವದಲ್ಲಿ. ಮಳೆ, ಜ್ವರ, ಸರಿಯಾದ ಸೂರೂ ಇಲ್ಲ. ಕೂತಲ್ಲೇ ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ ಸತ್ತ. ಕೊನೆಗೆ 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬೈ ವಹಿಸಿಕೊಂಡಾಗ ಉಳಿದಿದ್ದವರು ನೂರರ ಆಸುಪಾಸು. ಮುಂಬೈ ಇಂಗ್ಲಿಷರ ಕೈಗೆ ಬರುವ ಮುಂಚೆ ಅದರ ಬೆಲೆ ತೆತ್ತ ಮಣ್ಣು ನಮ್ಮ ಕಣ್ಣೆದುರಿನ ದ್ವೀಪದ್ದು.

ಅದೇ 1665ರ ಫೆಬ್ರವರಿಯಲ್ಲಿ ಶಿವಾಜಿ ಬಸ್ರೂರಿಗೆ ನುಗ್ಗಿ ಮರಳುವಾಗ ಕಾರವಾರಕ್ಕೆ ಬಂದ. ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಆಗ ಇಲ್ಲೇ ಇತ್ತು, 1638ರಲ್ಲಿ ತೆರೆದದ್ದು. ಒಳನಾಡಿನ ಮಸ್ಲಿನ್ ಬಟ್ಟೆ, ಮೆಣಸು, ಏಲಕ್ಕಿ ವ್ಯಾಪಾರ. ಊರವರೆಲ್ಲ ಸೇರಿ ಶಿವಾಜಿಗೆ ಕಾಣಿಕೆ ಒಪ್ಪಿಸಿದರು. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡು. ಇನ್ನೊಂದು ತಮಾಷೆ: 1684ರಲ್ಲಿ ಇಂಗ್ಲಿಷರನ್ನು ಊರಿಂದಲೇ ಓಡಿಸುವ ಹಂತಕ್ಕೆ ಬಂದಿತ್ತು. ಯುದ್ಧದಿಂದಲ್ಲ. ಒಂದು ಸಣ್ಣ ಹಡಗಿನ ಖಲಾಸಿಗಳು ದನ ಕದ್ದು ಕೊಂದರು, ಅದಕ್ಕೆ.

ಹುಬ್ಬಳ್ಳಿಯವ
ಸದಾಶಿವಗಡ ಕೋಟೆ ಕಟ್ಟಿಸಿದ್ದು ಶಿವಾಜಿನೇ ಅಲ್ರಿ ಹಾಗಾದರೆ?

ಹಳೇ ಮೇಷ್ಟ್ರು
ಅಲ್ಲ. ಸೋದೆಯ ಅರಸ ಬಸವಲಿಂಗ ಕಟ್ಟಿಸಿದ್ದು, 1674 ಆದ ಮೇಲೆ. ತಂದೆ ಸದಾಶಿವನ ಹೆಸರಿಟ್ಟ. ಟ್ಯಾಗೋರರೂ ‘ಶಿವಾಜಿಯ ಕೋಟೆ’ ಅಂತಲೇ ಬರೆದಿದ್ದಾರೆ. ಹೆಸರಿನ ಒಳಗೆ ‘ಶಿವ’ ಇದೆಯಲ್ಲ, ಜನರ ಬಾಯಲ್ಲಿ ಶಿವಾಜಿ ಆಗಲು ಎಷ್ಟು ಹೊತ್ತು. ಹೆದ್ದಾರಿ ಮಾಡುವಾಗ ಆ ಗುಡ್ಡವನ್ನೇ ಸೀಳಿಬಿಟ್ಟರು. ಈಗ ಕೋಟೆ ಹುಡುಕಿಕೊಂಡು ಹೋದವರಿಗೆ ಕೈಗೆ ಸಿಗುವುದು ಕಡಿಮೆ, ಕಾಳಿ ಅಳಿವೆಯ ನೋಟ ಮಾತ್ರ ಜಾಸ್ತಿ.

ನೀಲಿ ಟೋಪಿ
ಅಂಜದೀವಕ್ಕೆ ಒಂದು ಸೇರಿಸುತ್ತೇನೆ. 1961ರ ನವೆಂಬರಿನಲ್ಲಿ ಸಾಬರಮತಿ ಅನ್ನುವ ಪ್ರಯಾಣಿಕರ ಹಡಗಿನ ಮೇಲೆ ಅಲ್ಲಿಂದ ಪೋರ್ಚುಗೀಸರು ಗುಂಡು ಹಾರಿಸಿದರು. ಮರು ತಿಂಗಳೇ ಗೋವಾ ವಿಮೋಚನೆ. ದ್ವೀಪಕ್ಕೆ ಇಳಿದ ತ್ರಿಶೂಲ್ ಹಡಗಿನ ತುಕಡಿ ಮೇಲೆ ಗುಂಡಿನ ದಾಳಿಯಾಗಿ ನೌಕಾಪಡೆಯ 7 ಜನ ಸತ್ತರು.

ಬೈತಖೋಲ ಬೋಟು
ಎಲ್ಲರೂ ರಾಜರು, ಹಡಗು ಅಂತಿದ್ದೀರಿ. ಮೀನಿನ ಮಾತೇ ಇಲ್ಲ! ನಮ್ಮೂರಲ್ಲಿ ಕೊಂಕಣಿ ಗೊತ್ತಿಲ್ಲದಿದ್ದರೂ ‘ನುಸ್ತೆ’ ಅನ್ನುವ ಒಂದು ಪದ ಬಂದರೆ ಸಾಕು, ಹೊಟ್ಟೆ ತುಂಬುತ್ತದೆ. ಮೀನು ಅಂತ ಅರ್ಥ.

ಗಂಟುಮೂಟೆ ಸರ್, ನೀವು ‘ರಂಪಣಿ’ ಕೇಳಿದ್ದೀರಾ? ನಾನು ಕಣ್ಣಾರೆ ಕಂಡದ್ದು ಅದರ ಕೊನೆಗಾಲ. ಅಪ್ಪ ಹೇಳಿದ್ದು ಜಾಸ್ತಿ. ಒಬ್ಬನ ಬಲೆ ಅಲ್ಲ ಅದು. ಒಂದೊಂದು ಮನೆಯವರು ಒಂದೊಂದು ತುಂಡು ತರುತ್ತಿದ್ದರು. ಎಲ್ಲ ಸೇರಿಸಿ ಕಟ್ಟಿದರೆ ಸಮುದ್ರದಲ್ಲಿ ನಿಲ್ಲುವ ಗೋಡೆ. ಬಂಗಡೆ ಹಿಂಡು ದಡದ ಹತ್ತಿರ ಬಂದರೆ ನೀರಿನ ಬಣ್ಣವೇ ಬದಲಾಗುತ್ತದೆ, ಕಪ್ಪಗೆ ನೆರಳು ಬಿದ್ದ ಹಾಗೆ. ಅದನ್ನು ಗುರುತಿಸಲು ಒಬ್ಬ ಅನುಭವಸ್ಥ ಇರುತ್ತಿದ್ದ. ಅವನು ಕೂಗಿದ ತಕ್ಷಣ ದೋಣಿ ಹೊರಟು, ಹಿಂಡಿನ ಸುತ್ತ ಅರ್ಧಚಂದ್ರದ ಹಾಗೆ ಬಲೆ ಬಿಟ್ಟುಕೊಂಡು ದಡಕ್ಕೆ ಬರುವುದು. ಆಮೇಲೆ ಎರಡೂ ಕಡೆ ಹಗ್ಗಕ್ಕೆ ಜನ. ಶಾಲೆ ಬಿಟ್ಟ ಮಕ್ಕಳೂ ಹಗ್ಗಕ್ಕೆ ಕೈ ಹಾಕುತ್ತಿದ್ದರು. ಹಾಕಿದವನಿಗೆ ನಾಲ್ಕು ಬಂಗಡೆಯಾದರೂ ಸಿಗುತ್ತಿತ್ತು. ಮೀನು ಜಾಸ್ತಿ ಬಿದ್ದರೆ ಬಲೆಯನ್ನು ನೀರಲ್ಲೇ ಬಿಟ್ಟು ದಿನಗಟ್ಟಲೆ ಬೇಕಾದಷ್ಟು ತೆಗೆಯುತ್ತಿದ್ದರು. ಕಡಲೇ ಫ್ರಿಜ್. ದುಡ್ಡು ಪಾಲಿನ ಲೆಕ್ಕ. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದವನಿಗೆ ಪಾಲು.

1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಅದು ಇರುವಲ್ಲಿಗೇ ಹೋಗಿ ಸುತ್ತು ಹಾಕಿ ಎತ್ತುತ್ತವೆ. ರಂಪಣಿ ಮುಗಿಯಿತು. ಈಗ ಇರುವುದು ಸಣ್ಣ ಯೇಂಡಿ ಬಲೆ. ನಾನೂ ಪರ್ಸೀನ್ ಬೋಟಿನಲ್ಲೇ ದುಡಿದವನು, ಬೈಯುವ ಹಕ್ಕು ನನಗಿಲ್ಲ. ಆದರೆ ಹಗ್ಗ ಎಳೆಯಲು ಈಗ ಯಾರೂ ಬೇಕಾಗಿಲ್ಲ ಅನ್ನುವುದು ಸತ್ಯ.

ಗಂಟುಮೂಟೆ
ಇದನ್ನು ಎರಡು ಸಲ ಓದಿದೆ. ನಾನು ಮೀನು ತಿನ್ನುವುದಿಲ್ಲ, ಆದರೂ ಓದಿದೆ.

ಕೋಡಿಬಾಗದಾಕೆ
ಮೀನು ತಿನ್ನುವುದಿಲ್ಲವಾ! ಇರಲಿ, ಸೋಲಕಡಿ ಕುಡಿಯಿರಿ. ಮುರುಗಲು ಸಿಪ್ಪೆ ಮತ್ತು ತೆಂಗಿನ ಹಾಲು. ಸಿಪ್ಪೆ ನೆನೆಸಿದ ನೀರು ಕಡು ಕೆಂಪು, ಹಾಲು ಬಿದ್ದ ಕೂಡಲೇ ಗುಲಾಬಿ. ಮೂರು ವರ್ಷ ಆದ ಮೇಲೆ ಮೀನಿನ ಬಗ್ಗೆ ಮತ್ತೆ ಕೇಳುತ್ತೇನೆ. ಹೀಗೆ ಬಂದ ಸುಮಾರು ಜನರನ್ನು ನೋಡಿದ್ದೇನೆ.

ಹುಬ್ಬಳ್ಳಿಯವ
ಬಂದರು ದೊಡ್ಡದು ಮಾಡಿದರೆ ಈ ಕಷ್ಟವೆಲ್ಲ ಇರಲ್ಲ ಅನ್ನುವವರೂ ಇದ್ದಾರಲ್ರಿ. ಮಳೆಗಾಲದಲ್ಲೂ ಹಡಗು ನಿಲ್ಲುವ ಸಹಜ ಬಂದರು, ಅಂಥದ್ದನ್ನು ಇಷ್ಟು ಸಣ್ಣದಾಗಿ ಇಟ್ಟುಕೊಂಡು ಕೂತರೆ ಹೇಗೆ?

ಬೈತಖೋಲ ಬೋಟು
2020ರ ಜನವರಿಯಲ್ಲಿ ಅದಕ್ಕೇ ಊರು ಬಂದ್ ಆಗಿದ್ದು ಸರ್. ಬಂದರು ಬೆಳೆಸಲು ಕಲ್ಲಿನ ತಡೆಗೋಡೆ ಕಟ್ಟಿದರೆ ಟ್ಯಾಗೋರ್ ಬೀಚೇ ಹೋಗುತ್ತದೆ, ದೋಣಿ ಎಳೆಯಲು ದಡ ಉಳಿಯುವುದಿಲ್ಲ ಅಂತ ನಮ್ಮವರು ಬೀದಿಗೆ ಇಳಿದರು. ಕೋರ್ಟಿಗೂ ಹೋಯಿತು. ಒಂದು ಕಡೆ ನೇವಿ, ಇನ್ನೊಂದು ಕಡೆ ಬಂದರು. ನಡುವೆ ಉಳಿದದ್ದು ಇದೊಂದೇ ದಡ. ಮ್ಯಾಪ್ ತೆಗೆದು ನೋಡಿ, ಸಿಟ್ಟು ಬೇಡ.

ಹುಬ್ಬಳ್ಳಿಯವ
ಮ್ಯಾಪ್ ನೋಡಿದೆ. ನೀವು ಹೇಳುವುದು ಸರಿ ಇದೆ. ರೈಲಿನ ಮಾತು ಮಾತ್ರ ಹಿಂದೆ ತಗೊಳ್ಳಲ್ಲ.

ಕೋಡಿಬಾಗದಾಕೆ
ಕಾಳಿ ಸೇತುವೆ ಬಗ್ಗೆ ಯಾರೂ ಹೇಳಲಿಲ್ಲ. ಸೇತುವೆ ಇಲ್ಲದ ಕಾಲದಲ್ಲಿ ಸದಾಶಿವಗಡಕ್ಕೆ ಲಾಂಚಿನಲ್ಲಿ ದಾಟಬೇಕಿತ್ತು. ಕೊನೆಯ ಲಾಂಚ್ ತಪ್ಪಿದರೆ ಈಚೆ ನೆಂಟರ ಮನೆಯೇ ಗತಿ. ಅಮ್ಮನ ಮದುವೆ ದಿಬ್ಬಣವೂ ಲಾಂಚಿನಲ್ಲೇ ಬಂದದ್ದು. 1980ರ ದಶಕದಲ್ಲಿ ಸೇತುವೆ ಬಂತು. 2024ರ ಆಗಸ್ಟ್ 7ರ ನಡುರಾತ್ರಿ ಆ ಹಳೇ ಸೇತುವೆ ಬಿತ್ತು. ಸುಮಾರು ನಲವತ್ತು ವರ್ಷ ಆಗಿತ್ತು ಅಷ್ಟೇ. ಆಗ ಅದರ ಮೇಲಿದ್ದದ್ದು ಒಂದೇ ಲಾರಿ. ಚಾಲಕ ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದ, ಕಾಪಾಡಿದರು. ಬೆಳಗ್ಗೆ ನಾವೆಲ್ಲ ಹೋಗಿ ನೋಡಿದೆವು. ಹೊಸ ಸೇತುವೆ ಪಕ್ಕದಲ್ಲೇ ನಿಂತಿತ್ತು, ಹಳೆಯದು ಬೆನ್ನು ಮುರಿದ ಹಾಗೆ ನೀರಿಗೆ ವಾಲಿತ್ತು. ಹಗಲಾಗಿದ್ದರೆ ಅದರ ಮೇಲೆ ಶಾಲೆ ಬಸ್ಸುಗಳು.

ಹಳೇ ಮೇಷ್ಟ್ರು
ಅದೇ ಕಾಳಿಯ ಮೇಲ್ಭಾಗದಲ್ಲಿ ಕೈಗಾ ಅಣು ಸ್ಥಾವರ. ಒಂದನೇ ಘಟಕ 2016ರ ಮೇ ತಿಂಗಳಲ್ಲಿ ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. ಆಮೇಲೆ ಕೆನಡಾದವರು ಮುರಿದರು. ಅದರ ಅಕ್ಕಪಕ್ಕದ ಹಳ್ಳಿಯವರ ಚಿಂತೆ ಬೇರೆಯೇ ಇದೆ, ಅದಕ್ಕೆ ಪ್ರತ್ಯೇಕ ಚರ್ಚೆಯೇ ಬೇಕು.

ಗಂಟುಮೂಟೆ
ಮೊದಲ ಭಾನುವಾರಕ್ಕೆ ಒಂದೇ ಜಾಗ ಹೇಳಿ. ಎಲ್ಲರೂ ಹೋಗುವುದಲ್ಲ.

ಬೈತಖೋಲ ಬೋಟು
ಜನವರಿ ಆಗಿದ್ದರೆ ಕೂರ್ಮಗಡ ಅನ್ನುತ್ತಿದ್ದೆ. ಆಮೆ ಆಕಾರದ ದ್ವೀಪ, ಮೇಲೆ ನರಸಿಂಹ ದೇವರು. ಜಾತ್ರೆಗೆ ಊರೆಲ್ಲ ಬಾಳೆಗೊನೆ ಹೊತ್ತು ದೋಣಿ ಹತ್ತುತ್ತದೆ. ಆದರೆ 2019ರಲ್ಲಿ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ 16 ಜನ ಹೋದರು. ಹೋದರೆ ಲೈಫ್ ಜಾಕೆಟ್ ಹಾಕದೆ ಕೂರಬೇಡಿ. ದೋಣಿ ತುಂಬಿದೆ ಅನಿಸಿದರೆ ಇಳಿದು ಮುಂದಿನದಕ್ಕೆ ಕಾಯಿರಿ. ನಾಚಿಕೆ ಬೇಡ.

ಕೋಡಿಬಾಗದಾಕೆ
ನಾನು ತಿಳಮಾತಿ ಹೇಳುತ್ತೇನೆ. ಮಾಜಾಳಿ ದಾಟಿ ಗೋವಾ ಗಡಿಯ ಹತ್ತಿರ. ಗಾಡಿ ಹೋಗುವುದಿಲ್ಲ, ಗುಡ್ಡ ಹತ್ತಿ ಇಳಿಯಬೇಕು. ‘ತೀಳ್’ ಅಂದರೆ ಎಳ್ಳು, ‘ಮಾತಿ’ ಅಂದರೆ ಮಣ್ಣು. ಆಚೆ ಈಚೆ ಬೀಚುಗಳಲ್ಲೆಲ್ಲ ಬಿಳಿ ಮರಳು. ಇಲ್ಲೊಂದು ತುಂಡು ಮಾತ್ರ ಕರಿ ಎಳ್ಳು ಸುರಿದ ಹಾಗೆ. ಅಲ್ಲಿಯ ಕರಿ ಬಂಡೆಯನ್ನು ಅಲೆ ಅರೆದು ಅರೆದು ಹಾಗಾಗಿದೆ. ಒಂದು ಹಿಡಿ ತೆಗೆದುಕೊಂಡರೆ ಪುಡಿ ಅಲ್ಲ, ಕಾಳು ಕಾಳು. ಒದ್ದೆ ಕೈಗೂ ಜಾಸ್ತಿ ಅಂಟುವುದಿಲ್ಲ. ಮಧ್ಯಾಹ್ನ ಹೋಗಬೇಡಿ, ಕರಿ ಮರಳು ಕಾದ ಬಾಣಲೆ ಆಗುತ್ತದೆ. ನೆರಳಿಲ್ಲ, ಕುಡಿಯುವ ನೀರೂ ಸಿಗುವುದಿಲ್ಲ.

ಗಂಟುಮೂಟೆ
ತಿಳಮಾತಿ ಖಾಯಂ. ಒಂದು ಬಾಟಲಿಯಲ್ಲಿ ಆ ಮರಳು ತರಬಹುದಾ? ಮಗಳಿಗೆ ತೋರಿಸಲು.

ಕೋಡಿಬಾಗದಾಕೆ
ಬೇಡ ಸರ್. ಅಷ್ಟೇ ಅಷ್ಟು ಜಾಗ ಅದು, ಬಂದವರೆಲ್ಲ ಒಂದೊಂದು ಬಾಟಲಿ ಒಯ್ದರೆ ಮುಗೀತು. ಮಗಳನ್ನೇ ಕರೆದುಕೊಂಡು ಬನ್ನಿ. ಬೆಳಗ್ಗೆ ಏಳಕ್ಕೆ ಹೊರಟರೆ ನಾನೂ ಬರುತ್ತೇನೆ. ನೀರಿನ ಬಾಟಲಿ ಮಾತ್ರ ಎರಡು ಇಟ್ಟುಕೊಳ್ಳಿ.